ಬುಡ ನೋಡಿ ತರಬೇಕಾದ ಬೋಗುಣಿ

ಸಿಂಧನೂರು ತಾಲ್ಲೂಕಿನ ಮುಕ್ಕುಂದದಂತಹ ಹೊಳೆದಂಡೆಯ ಊರುಗಳಲ್ಲಿ ಮನೆಗೆ ಪಾತ್ರೆಪಗಡಗಳು ಬರುವುದು ಬಹುಮಟ್ಟಿಗೆ ಮದುವೆಯ ದಾರಿಯಿಂದ. ಹಂಡೆ, ಕೊಡ, ಪರಾತ, ಗಂಗಾಳ, ಹತ್ತು ಮಂದಿಗೆ ಅನ್ನ ಬೇಯುವ ದೊಡ್ಡ ಬೋಗುಣಿ ಇವೆಲ್ಲವನ್ನೂ ಹೆಣ್ಣಿನ ಕಡೆಯ ಹಿರಿಯರು ಪೇಟೆಯ ಅಂಗಡಿಕಟ್ಟೆಯ ಮೇಲೆ ಅರ್ಧ ದಿವಸ ಕುಳಿತು, ಬೆರಳಿನಿಂದ ಬಡಿದು ನಾದವನ್ನು ಕೇಳಿ, ತಕ್ಕಡಿಯಲ್ಲಿ ಇಡಿಸಿ ತೂಕವನ್ನು ನೋಡಿ, ಕೊಟ್ಟವರ ಹೆಸರನ್ನೂ ಲಗ್ನದ ತಾರೀಖನ್ನೂ ಕಂಠದ ಮೇಲೆ ಚುಕ್ಕೆಚುಕ್ಕೆಯಾಗಿ ಕೊರೆಸಿ ತರುತ್ತಾರೆ. ಆದರೆ ದಿನವೂ ಬೆಳಗಾಗುತ್ತಲೇ ಎಲ್ಲಕ್ಕೂ ಮೊದಲು ಒಲೆಯನ್ನೇರಿ, ಕೂಸಿಗೆ ಹಾಲನ್ನೂ ಹೊಲಕ್ಕೆ ಹೊರಟವರಿಗೆ ಚಹವನ್ನೂ ಕಾಯಿಸಿಕೊಡುವ ಚಿಕ್ಕ ಬೋಗುಣಿಯ ವಿಷಯದಲ್ಲಿ ಮಾತ್ರ ಈ ವಿಚಾರಪರತೆ ಕಾಣಬರುವುದಿಲ್ಲ. ಅದು ಯಾರೋ ಆಯೇರಿಯಲ್ಲಿ ಕೊಟ್ಟದ್ದಾಗಿಯೋ, ದೊಡ್ಡ ಪಾತ್ರೆಗಳ ಲೆಕ್ಕ ಮುಗಿದ ಮೇಲೆ ಉಳಿದ ಹಣಕ್ಕೆ ಸಿಕ್ಕಿದ್ದಾಗಿಯೋ ಮನೆಯನ್ನು ಸೇರಿರುತ್ತದೆ.

ಹಂಡೆಯು ವರ್ಷದಲ್ಲಿ ಕೆಲವು ಹಬ್ಬಗಳಿಗೂ ಕಾರ್ಯಗಳಿಗೂ ಹೊರಬರುವುದು. ಚಿಕ್ಕ ಬೋಗುಣಿಯಾದರೋ ಎರಡು ಹೊತ್ತಿನ ಹಾಲು, ಎರಡು ಹೊತ್ತಿನ ಚಹ, ಒಂದು ಸಾರು, ಒಂದು ಗಂಜಿ ಎಂದು ದಿನಕ್ಕೆ ಆರು ಸಲವಾದರೂ ಉರಿಯ ಮೇಲೆ ಕುಳಿತಲ್ಲಿ, ವರ್ಷಕ್ಕೆ 2,190 ಸಲ ಅಗ್ನಿಪರೀಕ್ಷೆಗೆ ಒಳಗಾಗುವುದು. ಅದರಲ್ಲಿ ಬೇಯುವುದೂ ಮನೆಯ ಅತಿ ಮೃದುವಾದ ಆಹಾರವೇ: ಹಲ್ಲು ಬಾರದ ಮಗುವಿನ ಗಂಜಿ, ಜ್ವರದಿಂದ ಎದ್ದವನ ಅಂಬಲಿ, ಬಾಣಂತಿಯ ಕಷಾಯ, ರಾತ್ರಿ ನಿದ್ರೆ ಬಾರದ ಮುದುಕರ ಒಂದು ಲೋಟ ಹಾಲು. ಆದುದರಿಂದ ಮನೆಯ ಪಾತ್ರೆಗಳಲ್ಲಿ ಅತ್ಯಂತ ಎಚ್ಚರಿಕೆಯಿಂದ ಆರಿಸತಕ್ಕದ್ದು ಯಾವುದೆಂದು ಯಾರಾದರೂ ಕೇಳಿದರೆ, ಅತ್ಯಂತ ಚಿಕ್ಕದು ಎಂದೇ ನಾನು ಉತ್ತರ ಕೊಡುವೆನು.

ಈ ಉತ್ತರ ನನ್ನ ಸ್ವಂತದ್ದಲ್ಲ. ನಾನಿನ್ನೂ ಹುಡುಗನಾಗಿದ್ದಾಗ ಪೇಟೆಗೆ ಹೊರಟವನನ್ನು ಕರೆದು ನನ್ನ ಅಜ್ಜಿ ಹೇಳಿದ್ದು ಇಷ್ಟೇ: “ತಮ್ಮಾ, ಮ್ಯಾಲಿನ ಹೊಳಪು ನೋಡಿ ತರಬ್ಯಾಡ, ಬುಡ ನೋಡಿ ತಾ.” ಆ ಮಾತಿನ ಅರ್ಥವು ಪೂರ್ಣವಾಗಿ ಮನಸ್ಸಿಗೆ ಇಳಿಯಬೇಕಾದರೆ ಅನೇಕ ಬೋಗುಣಿಗಳು ಸೀದುಹೋಗಬೇಕಾಯಿತು.

ಮೂರು ಕಲ್ಲಿನ ಪಾಠ

ನಮ್ಮ ಸೀಮೆಯಲ್ಲಿ ಪಾತ್ರೆಯ ವಿಚಾರ ಇಂದು ನಿನ್ನೆಯದಲ್ಲ. ಮಸ್ಕಿಗೆ ಹೋದವರೆಲ್ಲರೂ ಅಲ್ಲಿಯ ಬೆಟ್ಟದ ಬಂಡೆಯ ಮೇಲಿನ ಶಾಸನವನ್ನು ನೋಡಿ ಬರುತ್ತಾರೆ, 1915ರಲ್ಲಿ ಸಿ. ಬೀಡನ್ ಎಂಬ ಗಣಿ ಇಂಜಿನಿಯರು ಬೆಳಕಿಗೆ ತಂದ ಆ ಶಾಸನವು ಅಶೋಕನೆಂಬ ಹೆಸರನ್ನೇ ಸ್ಪಷ್ಟವಾಗಿ ಉಚ್ಚರಿಸಿ, ಇತರ ಬಂಡೆಗಳ ಮೇಲೆ ಮಾತನಾಡಿದ ದೇವಾನಾಂಪ್ರಿಯನು ಯಾರೆಂಬ ಸಂದೇಹವನ್ನು ಪರಿಹರಿಸಿದ್ದರಿಂದ ಊರಿಗೆ ಲೋಕಖ್ಯಾತಿ ಬಂದಿತು. ಆದರೆ 1954ರಲ್ಲಿ ಪುರಾತತ್ತ್ವ ಇಲಾಖೆಯ ಬಿ.ಕೆ. ಥಾಪರ್ ಅವರು ಅದೇ ಊರಿನಲ್ಲಿ ಉತ್ಖನನ ನಡೆಸಿದಾಗ ಪದರಪದರವಾಗಿ ಹೊರಬಂದದ್ದು ರಾಜಾಜ್ಞೆಯಲ್ಲ, ಅಡುಗೆಮನೆ. ಅಶೋಕನ ಹೆಸರು ಬಂಡೆಯನ್ನು ಏರುವುದಕ್ಕೆ ಎಷ್ಟೋ ಶತಮಾನಗಳ ಮುಂಚೆಯೇ ಅಲ್ಲಿ ಜನರು ಮಡಕೆ ಮಾಡಿ, ಒಲೆ ಹೂಡಿ, ಬೇಯಿಸಿ ಉಂಡಿದ್ದರು. ಬೃಹತ್ ಶಿಲಾಯುಗದ ಕಪ್ಪು-ಕೆಂಪು ಬಣ್ಣದ ಮಡಕೆಗಳು ಈ ಭಾಗದ ಮಣ್ಣಿನಲ್ಲಿ ಹೇರಳವಾಗಿವೆ: ಒಳಮೈಯೂ ಬಾಯಿಯ ಅಂಚೂ ಕಪ್ಪು, ಹೊರಮೈ ಕೆಂಪು. ಮಡಕೆಯನ್ನು ಬೋರಲು ಹಾಕಿ ಸುಟ್ಟಾಗ ಗಾಳಿ ತಾಕದ ಭಾಗ ಕಪ್ಪಾಗಿಯೂ ಗಾಳಿ ತಾಕಿದ ಭಾಗ ಕೆಂಪಾಗಿಯೂ ನಿಲ್ಲುತ್ತದೆಂಬುದು ವಿದ್ವಾಂಸರ ವಿವರಣೆ.

ಆ ಮಡಕೆಗಳಲ್ಲಿ ಅನೇಕಕ್ಕೆ ಬುಡ ದುಂಡಗಿರುವುದನ್ನೂ ಬಾಯಿಯ ಅಂಚು ಹೊರಕ್ಕೆ ಮಗುಚಿರುವುದನ್ನೂ ಗಮನಿಸತಕ್ಕದ್ದು. ಏರುತಗ್ಗಿನ ಮೂರು ಕಲ್ಲಿನ ಒಲೆಯ ಮೇಲೆ ಚಪ್ಪಟೆಯ ಬುಡ ವಾಲುವುದು, ದುಂಡು ಬುಡ ತಾನಾಗಿ ಮೂರೂ ಕಲ್ಲುಗಳನ್ನು ಅಪ್ಪಿಕೊಂಡು ಕುಳಿತುಕೊಳ್ಳುವುದು. ಉರಿಯ ನಾಲಗೆ ಸುತ್ತಲೂ ಚಾಚುವ ಕಟ್ಟಿಗೆಯ ಒಲೆಯಲ್ಲಿ ಉದ್ದನೆಯ ಹಿಡಿಕೆ ಸುಟ್ಟುಹೋಗುವುದು, ಆದರೆ ಮಗುಚಿದ ಕಂಠವನ್ನು ಬಟ್ಟೆಯಿಂದಲೋ ಇಕ್ಕಳದಿಂದಲೋ ಭದ್ರವಾಗಿ ಹಿಡಿದು ಇಳಿಸಬಹುದು. ಮಣ್ಣು ಹೋಗಿ ಹಿತ್ತಾಳೆ ಬಂದರೂ, ಹಿತ್ತಾಳೆ ಹೋಗಿ ಉಕ್ಕು ಬಂದರೂ ಹಿಡಿಕೆಯಿಲ್ಲದ ನಮ್ಮ ಬೋಗುಣಿ ಆ ಕಂಠವನ್ನು ಬಿಡಲಿಲ್ಲ. ಪಾತ್ರೆಯ ಆಕಾರವನ್ನು ನಿರ್ಣಯಿಸುವುದು ಅಲಂಕಾರವಲ್ಲ, ಒಲೆ. ಇದು ಮಸ್ಕಿಯ ಮಣ್ಣು ಕಲಿಸುವ ಪಾಠ.

ಇಂದು ಒಲೆ ಬದಲಾಗಿದೆ. 1953ರಲ್ಲಿ ತುಂಗಭದ್ರೆಯ ಅಣೆಕಟ್ಟು ತುಂಬಿ, ಎಡದಂಡೆಯ ಕಾಲುವೆಯ ನೀರು ಜೋಳದ ಕರಿನೆಲಕ್ಕೆ ಹರಿದು, ಸಿಂಧನೂರಿನ ಸುತ್ತ ಬತ್ತದ ಗದ್ದೆಗಳಾಗಿ, ಆಂಧ್ರದಿಂದ ಬಂದ ರೈತರ ಕ್ಯಾಂಪುಗಳು ಎದ್ದು, ನುಚ್ಚು ಅಂಬಲಿಗಳ ಪಕ್ಕದಲ್ಲಿ ಅನ್ನ ಗಂಜಿಗಳೂ ನಿತ್ಯಾಹಾರವಾದಂತೆ, ಕಟ್ಟಿಗೆಯ ಪಕ್ಕದಲ್ಲಿ ಗ್ಯಾಸಿನ ಒಲೆಯೂ ಬಂದಿತು; 2016ರಲ್ಲಿ ಉಜ್ವಲಾ ಯೋಜನೆ ಆರಂಭವಾದ ಮೇಲಂತೂ ಸಿಲಿಂಡರು ಹಳ್ಳಿಯ ಕೊನೆಯ ಓಣಿಗೂ ತಲುಪಿತು. ಆದರೆ ಹಿತ್ತಲಿನಲ್ಲಿ ಕಟ್ಟಿಗೆಯ ಒಲೆ ಇಂದಿಗೂ ಆರಿಲ್ಲ. ಆದುದರಿಂದ ಅಂಗಡಿಗೆ ಹೋಗುವ ಮುನ್ನ ತನ್ನನ್ನು ತಾನು ಕೇಳಿಕೊಳ್ಳತಕ್ಕ ಮೊದಲ ಪ್ರಶ್ನೆ, ಈ ಬೋಗುಣಿ ಯಾವ ಒಲೆಯ ಮೇಲೆ ಕೂಡುವುದೆಂಬುದು. ಕಟ್ಟಿಗೆಯಾದರೆ ಹಿಡಿಕೆಯಿಲ್ಲದ, ಕಂಠವುಳ್ಳ, ಹೊರಬುಡಕ್ಕೆ ಮಣ್ಣು ಬಳಿದು ಏರಿಸಬಹುದಾದ ಪಾತ್ರೆ. ಗ್ಯಾಸಾದರೆ ಚಪ್ಪಟೆಯ ಬುಡವೂ ಹಿಡಿಕೆಯೂ ಉಳ್ಳದ್ದು. ವಿದ್ಯುತ್ತಿನ ಇಂಡಕ್ಷನ್ ಒಲೆಯಾದರೆ ಬುಡಕ್ಕೆ ಅಯಸ್ಕಾಂತ ಅಂಟಿಕೊಳ್ಳುವಂತಹದು.

ಲೋಹದ ಸ್ವಭಾವ

ಒಲೆ ನಿಶ್ಚಯವಾದ ಮೇಲೆ ಲೋಹ. ಶಾಖವು ಒಂದು ಕಡೆಯಿಂದ ಇನ್ನೊಂದು ಕಡೆಗೆ ಹರಿಯುವ ವೇಗದಲ್ಲಿ ಲೋಹಗಳೊಳಗೆ ಇರುವ ಅಂತರ ಆಶ್ಚರ್ಯಕರವಾದುದು. ವಿಜ್ಞಾನಿಗಳ ಮಾನದಲ್ಲಿ ತಾಮ್ರದ ಶಾಖವಾಹಕತೆ ಸುಮಾರು 400. ಲಿಂಗಸೂಗೂರು ತಾಲ್ಲೂಕಿನ ಹಟ್ಟಿಯಲ್ಲಿ ಅಷ್ಟು ಆಳದಿಂದ ಅಗೆದು ತೆಗೆಯುವ ಚಿನ್ನವೂ ಈ ಗುಣದಲ್ಲಿ ತಾಮ್ರಕ್ಕಿಂತ ಕೆಳಗೆ, ಸುಮಾರು 315ರಲ್ಲಿ ನಿಲ್ಲುವುದು. ಅಲ್ಯೂಮಿನಿಯಂ ಸುಮಾರು 235, ಹಿತ್ತಾಳೆ 110ರಿಂದ 120, ನಾವು ಸ್ಟೀಲ್ ಎಂದು ಕರೆಯುವ ತುಕ್ಕು ಹಿಡಿಯದ ಉಕ್ಕು ಕೇವಲ 15ರ ಆಸುಪಾಸು. ಇಂದು ಮನೆಮನೆಯಲ್ಲಿಯೂ ಥಳಥಳಿಸುವ ಸ್ಟೀಲು ಶಾಖವನ್ನು ಹಂಚುವ ವಿಷಯದಲ್ಲಿ ಇವೆಲ್ಲವುಗಳಿಗಿಂತ ಲೋಭಿ. ತೆಳುವಾದ ಸ್ಟೀಲಿನ ಬೋಗುಣಿಯಲ್ಲಿ ಹಾಲು ಕಾಯಿಸಿದರೆ ಉರಿ ತಾಕಿದ ಜಾಗ ಮಾತ್ರ ಕಾದು, ಅಲ್ಲಿ ಹಾಲಿನ ಪ್ರೋಟೀನು ಪದರವಾಗಿ ಹತ್ತಿಕೊಂಡು, ಉಂಗುರದಾಕಾರದ ಕಂದು ಕಲೆಯಾಗಿ ಸೀಯುವುದು ಈ ಕಾರಣದಿಂದಲೇ.

ಹಾಗಾದರೆ ಹಿಂದಿನವರ ತಾಮ್ರ ಹಿತ್ತಾಳೆಗಳೇ ಶ್ರೇಷ್ಠವೆ ಎಂದರೆ, ಶಾಖದ ದೃಷ್ಟಿಯಿಂದ ಹೌದು, ಹುಳಿಯ ದೃಷ್ಟಿಯಿಂದ ಅಲ್ಲ. ಪುಂಡಿಪಲ್ಯ, ಹುಣಸೆಹುಳಿ, ಮಜ್ಜಿಗೆಸಾರುಗಳಿಲ್ಲದೆ ನಮ್ಮ ಭಾಗದ ಊಟ ಪೂರ್ತಿಯಾಗದು; ಇವು ಬರಿಯ ಹಿತ್ತಾಳೆಯನ್ನೋ ತಾಮ್ರವನ್ನೋ ತಾಕಿದರೆ ಕಿಲುಬು ಹುಟ್ಟಿ ಆಹಾರ ವಿಷವಾಗುವುದು. ಅದಕ್ಕಾಗಿಯೇ ಒಳಗೆ ಕಲಾಯಿ ಹಾಕಿಸುತ್ತಿದ್ದರು. ಓಣಿಯ ಮೂಲೆಯಲ್ಲಿ ಕುಳಿ ತೋಡಿ, ತಿದಿಯೂದಿ ಇದ್ದಲಿಯನ್ನು ಕೆಂಡ ಮಾಡಿ, ಪಾತ್ರೆಯನ್ನು ಕಾಯಿಸಿ, ನವಸಾಗರವನ್ನು ಉದುರಿಸಿದೊಡನೆ ಬಿಳಿಯ ಹೊಗೆ ಏಳುತ್ತಿದ್ದಂತೆ ತವರದ ಕಡ್ಡಿಯನ್ನು ತಾಕಿಸಿ, ಅರಳೆಯಿಂದ ಒಂದೇ ಸುತ್ತಿಗೆ ಒಳಮೈಯೆಲ್ಲವನ್ನೂ ಬೆಳ್ಳಿಯಂತೆ ಮಾಡುತ್ತಿದ್ದ ಕಲಾಯಿಗಾರನ ಕೈಚಳಕವನ್ನು ನೋಡಿದವರು ಅದನ್ನು ಮರೆಯಲಾರರು. ಆದರೆ ತವರ 232 ಡಿಗ್ರಿ ಸೆಲ್ಸಿಯಸ್ ಶಾಖಕ್ಕೇ ಕರಗುವ ಲೋಹ; ಕಲಾಯಿಯ ಪಾತ್ರೆಯನ್ನು ಬರಿದಾಗಿ ಉರಿಯ ಮೇಲೆ ಮರೆತರೆ ಆ ಪದರ ಹಾಳಾಗುವುದು. ಕಲಾಯಿಗಾರನು ವರ್ಷಕ್ಕೊಮ್ಮೆಯಾದರೂ ಬರುವ ಊರಿನಲ್ಲಿ ಹಿತ್ತಾಳೆಯ ಚಿಕ್ಕ ಬೋಗುಣಿ ಉತ್ತಮವಾದುದು. ಅವನು ಬರದ ಊರಿನಲ್ಲಿ ಅದನ್ನು ಹುಳಿಯ ಅಡುಗೆಗೆ ಬಳಸತಕ್ಕದ್ದಲ್ಲ.

ನಮ್ಮ ಕಡೆ ಅಲ್ಯೂಮಿನಿಯಂ ಪಾತ್ರೆಗೆ ಇಂದಿಗೂ ‘ಜರ್ಮನ್’ ಎಂಬ ಹೆಸರೇ ರೂಢಿಯಲ್ಲಿದ್ದರೂ ಅದು ದಕ್ಷಿಣ ಭಾರತದ ಅಡುಗೆಮನೆಯನ್ನು ಹೊಕ್ಕ ಬಗೆ ಬೇರೆ. 1898ರಲ್ಲಿ ಮದರಾಸಿನ ಕಲಾಶಾಲೆಯಲ್ಲಿ ಆಲ್ಫ್ರೆಡ್ ಚಾಟರ್ಟನ್ ಎಂಬ ಇಂಜಿನಿಯರು ಇಲ್ಲಿಯ ಕುಶಲಕರ್ಮಿಗಳಿಂದಲೇ ಅಲ್ಯೂಮಿನಿಯಂ ಪಾತ್ರೆಗಳನ್ನು ಮಾಡಿಸತೊಡಗಿದರು. ಅವರೇ ಮುಂದೆ ಮೈಸೂರು ಸಂಸ್ಥಾನದ ಕೈಗಾರಿಕಾ ಇಲಾಖೆಯ ನಿರ್ದೇಶಕರಾಗಿಯೂ ಸೇವೆ ಸಲ್ಲಿಸಿದರು. ಹಗುರ, ಅಗ್ಗ, ಶಾಖವನ್ನು ಬೇಗ ಹಂಚುವಂತಹದು. ಬಡವರ ಮನೆಗೆ ಅದು ಮಾಡಿದ ಉಪಕಾರ ದೊಡ್ಡದು. ಹಾಲಿಗೂ ನೀರಿಗೂ ದಪ್ಪನೆಯ ಅಲ್ಯೂಮಿನಿಯಂ ಬೋಗುಣಿ ಒಳ್ಳೆಯದೇ. ಆದರೆ ಹುಳಿಯೂ ಉಪ್ಪೂ ಅದನ್ನು ಸ್ವಲ್ಪಸ್ವಲ್ಪವಾಗಿ ಕರಗಿಸುವುದರಿಂದ ಹುಣಸೆಯ ಸಾರನ್ನು ಅದರಲ್ಲಿ ಕುದಿಸುವುದೂ ರಾತ್ರಿಯೆಲ್ಲ ಇಟ್ಟಿರುವುದೂ ತರವಲ್ಲ.

ಶಾಖವನ್ನು ಹಂಚುವುದು, ಹುಳಿಯನ್ನು ತಾಳುವುದು ಎಂಬ ಎರಡು ಗುಣಗಳನ್ನು ಒಂದುಗೂಡಿಸುವ ಉಪಾಯವೇ ಇಂದಿನ ಒಳ್ಳೆಯ ಬೋಗುಣಿ: ಒಳಗೂ ಹೊರಗೂ ಸ್ಟೀಲು, ನಡುವೆ ಅಲ್ಯೂಮಿನಿಯಂ. ಅಂಗಡಿಯಲ್ಲಿ ಅದನ್ನು ಟ್ರೈಪ್ಲೈ ಎನ್ನುತ್ತಾರೆ. ಬುಡಕ್ಕೆ ಮಾತ್ರ ಅಲ್ಯೂಮಿನಿಯಂ ತಟ್ಟೆ ಸೇರಿಸಿದ್ದಾದರೆ ಸ್ಯಾಂಡ್‌ವಿಚ್ ಬುಡ ಎನ್ನುತ್ತಾರೆ. ಆಹಾರವನ್ನು ಮುಟ್ಟುವ ಸ್ಟೀಲು ಹುಳಿಗೆ ಹೆದರದು, ಏಕೆಂದರೆ ಅದರಲ್ಲಿರುವ ಕ್ರೋಮಿಯಂ ಗಾಳಿಯೊಡನೆ ಸೇರಿ ಕಣ್ಣಿಗೆ ಕಾಣದ ರಕ್ಷಾಕವಚವೊಂದನ್ನು ತಾನೇ ಹೆಣೆದುಕೊಳ್ಳುತ್ತದೆ. ನಡುವಿನ ಅಲ್ಯೂಮಿನಿಯಂ ಉರಿಯನ್ನು ಬುಡದ ಉದ್ದಗಲಕ್ಕೂ ಹಂಚುತ್ತದೆ. ಸ್ಟೀಲಿನಲ್ಲಿಯೂ ಭೇದಗಳಿವೆ. 18/8 ಅಥವಾ 304 ಎಂದು ಗುರುತು ಹಾಕಿದ್ದರಲ್ಲಿ ಸುಮಾರು ಶೇಕಡ 18 ಕ್ರೋಮಿಯಂ, ಶೇಕಡ 8 ನಿಕಲ್ ಇರುವುವು. 202 ಎಂಬುದರಲ್ಲಿ ನಿಕಲ್ ಕಡಿಮೆ, ಅದರ ಜಾಗದಲ್ಲಿ ಮ್ಯಾಂಗನೀಸ್ ಹೆಚ್ಚು. ಉಪ್ಪು ಹುಳಿಗಳ ಮುಂದೆ ಮೊದಲನೆಯದು ಹೆಚ್ಚು ಕಾಲ ನಿಲ್ಲುವುದು.

ಅಂಟದ ಲೇಪನದ ಕಪ್ಪು ಪಾತ್ರೆಗಳ ವಿಷಯವನ್ನು ಇಷ್ಟರಲ್ಲಿ ಮುಗಿಸಬಹುದು: ಹಾಲು ಚಹ ಸಾರುಗಳಿಗೆ ಅದರ ಅಗತ್ಯವಿಲ್ಲ, ಸಟ್ಟುಗದ ಅಂಚಿಗೆ ಅದು ಕಿತ್ತುಬರುವುದು, ಬರಿದಾಗಿ ಅತಿಯಾಗಿ ಕಾಯಿಸಿದರೆ ಕೆಟ್ಟ ಹೊಗೆ ಬಿಡುವುದು.

ಎಷ್ಟು ಚಿಕ್ಕದು ಚಿಕ್ಕದು?

ಪಾತ್ರೆಯ ಹಿಡಿತವನ್ನು ಅಂಗಡಿಯವನ ಬಾಯಿಮಾತಿನಿಂದ ತಿಳಿಯುವುದಕ್ಕಿಂತ ಅಳತೆಪಟ್ಟಿಯಿಂದ ತಿಳಿಯುವುದು ಸುರಕ್ಷಿತ. ಒಳಬಾಯಿ 14 ಸೆಂಟಿಮೀಟರ್, ಆಳ 7 ಇದ್ದರೆ ಕಂಠದವರೆಗೆ ಒಂದು ಲೀಟರಿಗೆ ತುಸು ಹೆಚ್ಚು ಹಿಡಿಯುವುದು. 16 ಮತ್ತು 7.5 ಇದ್ದರೆ ಒಂದೂವರೆ ಲೀಟರು. 18 ಮತ್ತು 8 ಇದ್ದರೆ ಎರಡು ಲೀಟರು. ಆದರೆ ಕಂಠದವರೆಗೆ ತುಂಬಿ ಕಾಯಿಸುವಂತಿಲ್ಲ. ಹಾಲು ಕಾದಂತೆ ಕೊಬ್ಬೂ ಪ್ರೋಟೀನೂ ಸೇರಿ ಮೇಲೆ ಕೆನೆಯ ಹೊದಿಕೆ ಕಟ್ಟುವುದು, ಕೆಳಗಿನಿಂದ ಏಳುವ ಆವಿಗೆ ದಾರಿಯಿಲ್ಲದೆ ಆ ಹೊದಿಕೆಯನ್ನೇ ಎತ್ತಿಕೊಂಡು ಹಾಲು ಕ್ಷಣಾರ್ಧದಲ್ಲಿ ಒಲೆಗೆ ಹರಿಯುವುದು. ಮೂರನೆಯ ಒಂದು ಪಾಲನ್ನು ಬರಿದಾಗಿ ಬಿಡುವುದೇ ಇದಕ್ಕೆ ಪರಿಹಾರ. ಈ ಲೆಕ್ಕದಿಂದ ಒಂದು ಲೀಟರು ಹಾಲು ಕಾಯಿಸುವ ಮನೆಗೆ ಒಂದೂವರೆ ಲೀಟರಿನ ಬೋಗುಣಿ, ಇಬ್ಬರೇ ಇರುವ ಮನೆಗೆ ಒಂದು ಲೀಟರಿನದು ಸಾಕು.

ದೊಡ್ಡದನ್ನೇ ಕೊಂಡರೆ ಎಲ್ಲಕ್ಕೂ ಆಗುವುದಲ್ಲವೆ ಎಂಬ ವಾದ ಸಾಮಾನ್ಯವಾಗಿ ಕೇಳಿಬರುವುದು. ಅಗಲವಾದ ಬುಡದಲ್ಲಿ ಒಂದು ಲೋಟ ಹಾಲು ತೆಳುವಾಗಿ ಹರಡಿಕೊಂಡು, ಕಾಯುವುದಕ್ಕೆ ಮುಂಚೆ ಸೀಯುವುದು. ಮಗುವಿನ ಗಂಜಿ ಬೇಯುವುದಕ್ಕೆ ಮುಂಚೆ ನೀರಾರುವುದು. ಅತಿ ಚಿಕ್ಕದಾದರೆ ಇನ್ನೊಂದು ತೊಂದರೆ: ಗ್ಯಾಸಿನ ಒಲೆಯ ಕಾಲುಗಳ ನಡುವೆ ಅದು ಸರಿಯಾಗಿ ನಿಲ್ಲದು, ಉರಿ ಬುಡವನ್ನು ದಾಟಿ ಪಕ್ಕಕ್ಕೆ ಏರಿ ಹಿಡಿಕೆಯನ್ನು ಸುಡುವುದು. ಇಂಡಕ್ಷನ್ ಒಲೆಗಳಲ್ಲಿ ಅನೇಕವು ಸುಮಾರು 12 ಸೆಂಟಿಮೀಟರಿಗಿಂತ ಕಿರಿದಾದ ಬುಡವನ್ನು ಪಾತ್ರೆಯೆಂದೇ ಗುರುತಿಸುವುದಿಲ್ಲ. ಮನೆಯ ಒಲೆಯ ಸಣ್ಣ ಬರ್ನರಿನ ಅಗಲವನ್ನು ಒಂದು ದಾರದಿಂದ ಅಳೆದು, ಆ ದಾರವನ್ನೇ ಅಂಗಡಿಗೆ ಒಯ್ದರೆ ಯಾವ ಭ್ರಾಂತಿಗೂ ಎಡೆಯಿರಲಾರದು.

ಹಿಡಿಯುವ ಕೈಯ ವಿಚಾರ

ಕೆಲವು ವರ್ಷಗಳ ಹಿಂದೆ ನನ್ನ ತಂಗಿ ಹೊಳಪಿಗೆ ಮನಸೋತು ಒಂದು ತೆಳುವಾದ ಹಿಡಿಕೆ ಬೋಗುಣಿಯನ್ನು ತಂದಳು. ಹಿಡಿಕೆಯನ್ನು ಒಂದೇ ತಿರುಪಿನಿಂದ ಬಿಗಿದಿದ್ದರು. ದಿನದಿನದ ಶಾಖಕ್ಕೆ ಆ ತಿರುಪು ಸಡಿಲವಾಗುತ್ತ ಬಂದದ್ದನ್ನು ಅವಳೂ ಗಮನಿಸಿದಳು, ನಾನೂ ಗಮನಿಸಿದೆನು, ನಾಳೆ ಬಿಗಿದರಾಯಿತೆಂದು ಇಬ್ಬರೂ ಬಿಟ್ಟೆವು. ಒಂದು ಬೆಳಿಗ್ಗೆ ಕುದಿಯುವ ಹಾಲನ್ನು ಇಳಿಸುವಾಗ ಪಾತ್ರೆ ಹಿಡಿಕೆಯಲ್ಲೇ ಹೊರಳಿ ಹಾಲೆಲ್ಲ ಅವಳ ಪಾದದ ಮೇಲೆ ಸುರಿಯಿತು. ಗಾಯ ಮಾಯಲು ತಿಂಗಳು ಹಿಡಿಯಿತು. ಪಾದದ ಮೇಲಿನ ಕಲೆ ಇಂದಿಗೂ ಇದೆ. ಅಂದಿನಿಂದ ಯಾವ ಬೋಗುಣಿಯನ್ನು ಕಂಡರೂ ನನ್ನ ಕೈ ಮೊದಲು ಹೋಗುವುದು ಹಿಡಿಕೆಯ ಬೇರಿಗೆ.

ಹಿಡಿಕೆಯು ಪಾತ್ರೆಯ ಗೋಡೆಗೆ ಎರಡು ಅಥವಾ ಮೂರು ರಿವೆಟ್ಟುಗಳಿಂದ ಸೇರಿದ್ದರೆ ಅದು ಸುಲಭವಾಗಿ ಸಡಿಲವಾಗದು. ಒಳಗಡೆಯ ರಿವೆಟ್ಟಿನ ತಲೆಯ ಸುತ್ತ ಹಾಲಿನ ಕಸರು ಕೂಡದಂತೆ ತಿಕ್ಕುವ ಶ್ರದ್ಧೆ ಬೇಕು. ಬೆಸುಗೆ ಹಾಕಿದ್ದಾದರೆ ಒಳಮೈ ನುಣುಪಾಗಿರುವುದು, ಆದರೆ ಬೆಸುಗೆಯ ಚುಕ್ಕೆಗಳು ಎಷ್ಟೆಂದು ನೋಡತಕ್ಕದ್ದು. ಬೇಕಲೈಟಿನ ಕಪ್ಪು ಹಿಡಿಕೆ ಕೈಗೆ ತಂಪು, ಉರಿ ತಾಕಿದರೆ ಮಾತ್ರ ಬಿರಿಯುವುದು. ಟೊಳ್ಳಾದ ಸ್ಟೀಲಿನ ಹಿಡಿಕೆ ಬಹುಕಾಲದ ಸಂಗಾತಿ. ಶಾಖವನ್ನು ಹಂಚಲು ಒಲ್ಲದ ಸ್ವಭಾವ ಬುಡದಲ್ಲಿ ದೋಷವಾದರೂ ಹಿಡಿಕೆಯಲ್ಲಿ ಅದೇ ಗುಣವಾಗುವುದನ್ನು ಇಲ್ಲಿ ಕಾಣಬಹುದು.

ಬರಿದಾದ ಬೋಗುಣಿಯನ್ನು ಕಟ್ಟೆಯ ಮೇಲೆ ಇಟ್ಟು ಕೈಬಿಟ್ಟಾಗ ಹಿಡಿಕೆಯ ಕಡೆಗೆ ಅದು ವಾಲಿದರೆ, ಎಷ್ಟೇ ಚೆಲುವಾಗಿದ್ದರೂ ಅದನ್ನು ಬಿಟ್ಟುಬಿಡತಕ್ಕದ್ದು. ತರುವಾಯ ಅದರಲ್ಲಿ ನೀರು ತುಂಬಿಸಿ ಎತ್ತಿ ನೋಡಬೇಕು. ಆರುನೂರು ಗ್ರಾಮ್ ತೂಕದ ಪಾತ್ರೆಯಲ್ಲಿ ಒಂದು ಲೀಟರು ನೀರಿದ್ದರೆ ಮಣಿಕಟ್ಟಿನ ಮೇಲೆ ಬೀಳುವುದು ಒಂದೂ ಮುಕ್ಕಾಲು ಕಿಲೋಗೆ ತುಸು ಕಡಿಮೆ, ಅದೂ ಒಂದು ಗೇಣು ದೂರದಿಂದ. ಕೊಳ್ಳುವವನು ಹರೆಯದ ಮಗನಾಗಿದ್ದರೂ ದಿನವೂ ಎತ್ತುವವಳು ಬೆರಳಿನ ಸಂದುಗಳು ಬಾತ ಅವ್ವನಾದಲ್ಲಿ, ಅವಳನ್ನು ಅಂಗಡಿಗೆ ಕರೆದೊಯ್ದು ಅವಳ ಕೈಯಲ್ಲೇ ಎತ್ತಿಸಿ ನೋಡುವುದು ಮಗನ ಧರ್ಮ. ಹಾಲನ್ನು ಬಗ್ಗಿಸುವ ಮೂತಿ ಎಡಗಡೆಗೆ ಮಾತ್ರ ಇದ್ದರೆ ಎಡಚರಿಗೆ ಉಪಯೋಗವಿಲ್ಲ; ಎರಡೂ ಕಡೆ ಇದ್ದರೆ ಎಲ್ಲರಿಗೂ ಅನುಕೂಲ.

ಕೊನೆಯದಾಗಿ ಬುಡ. ಬೋರಲು ಹಾಕಿ, ಅಳತೆಪಟ್ಟಿಯ ಅಂಚನ್ನು ಬುಡದ ಮೇಲೆ ಅಡ್ಡಲಾಗಿ ಇಟ್ಟು ನೋಡಿದರೆ ನಡುವೆ ಕೂದಲಿನಷ್ಟು ಸಂದು ಕಾಣಬಹುದು. ಅದು ದೋಷವಲ್ಲ, ಕಾದಾಗ ಲೋಹ ಹಿಗ್ಗಿ ಸಮವಾಗುವುದು. ನಡು ಉಬ್ಬಿದ್ದರೆ ಮಾತ್ರ ಪಾತ್ರೆ ಒಲೆಯ ಮೇಲೆ ತಿರುಗುತ್ತಲೇ ಇರುವುದು. ಹೆಬ್ಬೆರಳಿನಿಂದ ಒತ್ತಿದಾಗ ಬುಡ ಮಿಸುಕಬಾರದು. ಬೆರಳಿನಿಂದ ಬಡಿದಾಗ ದಪ್ಪ ಬುಡ ಮಂದ್ರವಾಗಿಯೂ ತೆಳು ಬುಡ ಡಬ್ಬಿಯಂತೆಯೂ ನುಡಿಯುವುದನ್ನು ಸ್ವಲ್ಪ ಅಭ್ಯಾಸವಾದ ಕಿವಿ ತಪ್ಪದೆ ಗುರುತಿಸುವುದು. ನನ್ನ ಅಜ್ಜಿಗೆ ಶಾಖವಾಹಕತೆಯ ಅಂಕಿಗಳು ತಿಳಿದಿರಲಿಲ್ಲ; ಅವಳ ಬೆರಳಿಗೆ ತಿಳಿದಿತ್ತು.

ಬಾಳಿಸುವ ಬಗೆ

ಚೆನ್ನಾಗಿ ಆರಿಸಿದ್ದನ್ನು ಚೆನ್ನಾಗಿ ಬಾಳಿಸಲೂ ಬೇಕು. ಹಾಲು ಹೊಯ್ಯುವ ಮುನ್ನ ಒಂದಿಷ್ಟು ತಣ್ಣೀರಿನಿಂದ ಒಳಮೈಯನ್ನು ತೋಯಿಸಿದರೆ ತಳ ಹತ್ತುವುದು ಕಡಿಮೆ. ಸ್ಟೀಲಿನಲ್ಲಿ ತಣ್ಣೀರಿಗೇ ಉಪ್ಪು ಹಾಕಿಟ್ಟರೆ ತಳದಲ್ಲಿ ಸೂಜಿಮೊನೆಯಂತಹ ಗುಳಿಗಳು ಬೀಳುವುದುಂಟು; ನೀರು ಕುದಿದ ಮೇಲೆ ಉಪ್ಪು ಹಾಕಿ ತಿರುವುವುದು ಒಳ್ಳೆಯದು. ಕೊಳವೆಬಾವಿಯ ಗಡಸು ನೀರು ಬಿಡುವ ಬಿಳಿಯ ಪೊರೆಯನ್ನು ಹುಣಸೆಹಣ್ಣಿನ ರಸದಲ್ಲಿ ತುಸು ಹೊತ್ತು ಕುದಿಸಿ ತೆಗೆಯಬಹುದು. ಸೀದುಹೋದರೆ ತಂತಿಯಿಂದ ಕೆರೆಯದೆ, ಸೋಡಾಪುಡಿ ಬೆರೆಸಿದ ನೀರನ್ನು ಕುದಿಸಿ ರಾತ್ರಿ ನೆನೆಯಿಟ್ಟರೆ ಬೆಳಿಗ್ಗೆಗೆ ಕರಿ ತಾನೇ ಬಿಡುವುದು.

ಹೋದ ವರ್ಷ ನನ್ನ ತಂಗಿಯ ಮಗಳು ನೌಕರಿಗೆಂದು ಬೆಂಗಳೂರಿನಲ್ಲಿ ಬಾಡಿಗೆಯ ಕೋಣೆ ಹಿಡಿದಳು. ಅಲ್ಲಿ ಗ್ಯಾಸಿಲ್ಲ, ಇಂಡಕ್ಷನ್ ಒಲೆ ಒಂದೇ. ಅವಳೂ ನಾನೂ ಸಿಂಧನೂರಿನ ಪೇಟೆಯಲ್ಲಿ ಅರ್ಧ ದಿವಸ ಕುಳಿತು, ಅಯಸ್ಕಾಂತ ಹಚ್ಚಿ, ನೀರು ತುಂಬಿಸಿ, ಅವಳ ಕೈಯಲ್ಲೇ ಎತ್ತಿಸಿ, ಒಂದೂವರೆ ಲೀಟರಿನ ಬೋಗುಣಿಯೊಂದನ್ನು ಆರಿಸಿದೆವು. “ಮಾಮಾ, ಇಷ್ಟು ಸಣ್ಣದಕ್ಕ ಇಷ್ಟು ಹೊತ್ತಾ?” ಎಂದು ಅವಳು ಕೇಳಿದಳು. ಹೆಸರು ಕೊರೆಯುವವನ ಮುಂದೆ ಅದನ್ನು ಇಟ್ಟಾಗ ಅವನೂ ಒಮ್ಮೆ ತಲೆಯೆತ್ತಿ ನೋಡಿದನು. ಕೊಡಕ್ಕೂ ಹಂಡೆಗೂ ಹೆಸರು ಕೊರೆದ ಅವನ ಕೈ ಇಷ್ಟು ಚಿಕ್ಕ ಕಂಠವನ್ನು ಎಂದೂ ಹಿಡಿದಿರಲಿಲ್ಲ. ನನ್ನ ತಂಗಿಯ ಹೆಸರನ್ನೂ ತಾರೀಖನ್ನೂ ಅವನು ಚುಕ್ಕೆಚುಕ್ಕೆಯಾಗಿ ಕೊರೆದುಕೊಟ್ಟನು.

ಬೆಂಗಳೂರಿನ ಆ ಕೋಣೆಯನ್ನು ಹೊಕ್ಕ ದಿನ, ದೇವರ ಪಟದ ಮುಂದೆ ದೀಪ ಹಚ್ಚಿ, ಆ ಬೋಗುಣಿಯನ್ನು ಒಲೆಯ ಮೇಲಿಟ್ಟು ಹಾಲು ಹೊಯ್ದೆವು. ಹೊಸ ಮನೆಯಲ್ಲಿ ಮೊದಲು ಒಲೆಯನ್ನೇರುವುದು ಹಂಡೆಯಲ್ಲ, ಹತ್ತು ಮಂದಿಯ ಅನ್ನದ ಪಾತ್ರೆಯೂ ಅಲ್ಲ. ಎಲ್ಲ ಕಾಲದಲ್ಲಿಯೂ ಅದು ಚಿಕ್ಕ ಬೋಗುಣಿಯೇ. ಮಿಕ್ಕ ದಿನಗಳಲ್ಲಿ ಹಾಲು ಉಕ್ಕದಂತೆ ಕಾಯತಕ್ಕ ನಾವು ಆ ಒಂದು ದಿನ ಅದು ಉಕ್ಕಲೆಂದು ಕಾಯುತ್ತೇವೆ. ಕೆನೆ ಕಟ್ಟಿತು, ನಡುವೆ ಉಬ್ಬಿತು, ತಂಗಿಯ ಹೆಸರಿನ ಮೇಲೆ ಬೆಳ್ಳಗೆ ಹರಿಯಿತು. ಒಲೆಯನ್ನು ಆರಿಸಿ, ಹಿಡಿಕೆಯನ್ನು ಹಿಡಿದು ಇಳಿಸಿದವಳು ನನ್ನ ತಂಗಿಯೇ. ಇಳಿಸಿದವಳು ಹಾಲನ್ನು ಲೋಟಗಳಿಗೆ ಬಗ್ಗಿಸಿ, ಬೋಗುಣಿಯ ಬುಡವನ್ನು ಒಮ್ಮೆ ನೋಡಿದಳು. ತಳ ಹತ್ತಿರಲಿಲ್ಲ.